ಮೊಬೈಲಿನ ಸುದ್ದಿ ತೋಟದ ಮೂಲೆಗೂ ಮುಟ್ಟಬೇಕಾದರೆ

ಮಳೆಗಾಲ ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಬೇಕು, ೪೦-೪೫ ದಿನ ಕಳೆದ ಮೇಲೆ ಇನ್ನೊಮ್ಮೆ ಸಿಂಪಡಿಸಬೇಕು ಎಂಬುದು ಕಾಸರಗೋಡು ಸೀಮೆಯ ಕೃಷಿಕರಿಗೆ ಹೊಸದಾಗಿ ಹೇಳಿಕೊಡಬೇಕಾದ ವಿಷಯವಲ್ಲ. ಹೊಸದಾದುದು ಆ ಮಾತು ನಮ್ಮ ಬಳಿಗೆ ಬರುವ ದಾರಿ. ಮೊದಲು ಕೃಷಿಭವನದ ಫಲಕದಲ್ಲಿಯೋ, ಸಹಕಾರಿ ಸಂಘದ ಜಗಲಿಯಲ್ಲಿಯೋ, ಪತ್ರಿಕೆಯ ಕೃಷಿಪುಟದಲ್ಲಿಯೋ ಸಿಕ್ಕುತ್ತಿದ್ದ ಸೂಚನೆಗಳು ಈಗ ಮೊಬೈಲಿನ ಪರದೆಯಲ್ಲಿ ಬಂದು ಇಳಿಯುತ್ತವೆ. ಒಂದರ ಕೆಳಗೊಂದಾಗಿ ಮುಗಿಯದೆ ಬರುತ್ತಿರುವ ಚಿತ್ರ, ಬರಹ, ವೀಡಿಯೋಗಳ ಆ ಸಾಲಿಗೆ ಫೀಡ್ ಎಂದು ಹೆಸರು. ಫೇಸ್‌ಬುಕ್ಕಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ, ಶೇರ್‌ಚಾಟಿನಲ್ಲಿ ಬೆರಳಿನಿಂದ ಮೇಲಕ್ಕೆ ತಳ್ಳುತ್ತ ನಾವು ನೋಡುವುದು ಇದನ್ನೇ. ಪೇಟೆಧಾರಣೆ, ಸಬ್ಸಿಡಿ ಅರ್ಜಿಯ ಕೊನೆಯ ದಿನ, ಎಲೆಚುಕ್ಕಿ ರೋಗದ ಚಿತ್ರ, ಪಕ್ಕದೂರಿನ ಮದುವೆ, ಯಕ್ಷಗಾನದ ತುಣುಕು, ಎಲ್ಲವೂ ಒಂದೇ ಬುಟ್ಟಿಯಲ್ಲಿ ಬರುತ್ತವೆ.

ನಮ್ಮ ಕಡೆಯ ಮನೆಗಳ ಸ್ಥಿತಿ ವಾಚಕರಿಗೆ ಗೊತ್ತೇ ಇದೆ. ಗುಡ್ಡದ ನೆತ್ತಿಯಲ್ಲಿ ರೇಂಜ್ ಇದ್ದರೆ ಕೆಳಗಿನ ತೋಟದಲ್ಲಿಲ್ಲ. ಅಂಗಳದಲ್ಲಿ ಇದ್ದರೆ ಒಳಗಿನ ಕೋಣೆಯಲ್ಲಿಲ್ಲ. ಮಳೆ ಸಿಡಿಲಿಗೆ ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರೂ ಮೌನ. ಮೊಬೈಲಾದರೋ, ಮಗ ಹೊಸದು ಕೊಂಡಾಗ ಅಪ್ಪನ ಕೈಗೆ ಬಂದ ಹಳೆಯದು. ಇಂತಹ ಮನೆಗಳಿಂದ ಎರಡು ದೂರುಗಳು ಕೇಳಿಬರುತ್ತವೆ. ಒಂದು, ‘ತೆರೆಯುವುದೇ ಇಲ್ಲ, ಸುತ್ತುತ್ತಾ ಇರುತ್ತದೆ’ ಎಂಬುದು. ಇನ್ನೊಂದು, ‘ತೆರೆದರೂ ಓದಲಿಕ್ಕೆ ಆಗುವುದಿಲ್ಲ’ ಎಂಬುದು. ಮೊದಲನೆಯದು ಯಂತ್ರದ ವಿಷಯ, ಎರಡನೆಯದು ಕಣ್ಣಿನ ವಿಷಯ ಎಂದು ಜನರು ಬೇರೆ ಬೇರೆ ಮಾಡಿ ನೋಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಎರಡೂ ಒಂದೇ ಬುಡದಿಂದ ಹೊರಟ ಕೊಂಬೆಗಳು. ಆ್ಯಪನ್ನು ಕಟ್ಟುವವನು ಒಳ್ಳೆಯ ಫೋನು, ಒಳ್ಳೆಯ ರೇಂಜು, ಒಳ್ಳೆಯ ಕಣ್ಣು ಇರುವ ತನ್ನಂತಹವನೊಬ್ಬನನ್ನೇ ಎದುರಿಗಿಟ್ಟುಕೊಂಡು ಕಟ್ಟಿದುದರ ಫಲವಿದು.

ಹಿರಿಯರೊಬ್ಬರು ಒಮ್ಮೆ ಶಾಲೆಯ ದಾರಿಯಲ್ಲಿ ನಮ್ಮನ್ನು ನಿಲ್ಲಿಸಿ, ‘ಮಾಷ್ಟ್ರೇ, ಇದರಲ್ಲಿ ಎಂತ ಬರೆದದ್ದು? ದೊಡ್ಡ ಮಾಡಿದರೆ ಮಂಜಾಗ್ತದೆ, ಸಣ್ಣ ಮಾಡಿದರೆ ಕಾಣುವುದಿಲ್ಲ’ ಎಂದು ಮೊಬೈಲನ್ನು ಮುಂದೆ ಹಿಡಿದರು. ಅದು ಮದ್ದಿನ ಪ್ರಮಾಣದ ಸೂಚನೆ. ಯಾರೋ ಅಚ್ಚಾದ ಕಾಗದದ ಫೋಟೋ ತೆಗೆದು ಹಾಕಿದ್ದು, ಹತ್ತು ಕೈ ದಾಟಿ, ದಾಟಿದಲ್ಲೆಲ್ಲ ಕುಗ್ಗಿ, ಒಂದು ಯಾವುದು ಏಳು ಯಾವುದು ಎಂದು ತಿಳಿಯದಷ್ಟು ಮಸುಕಾಗಿತ್ತು. ಮೈಲುತುತ್ತು ೧ ಕಿಲೋ, ಸುಣ್ಣ ೧ ಕಿಲೋ, ನೀರು ೧೦೦ ಲೀಟರ್ ಎಂಬ ಬೋರ್ಡೋ ಲೆಕ್ಕ ನಮಗೆ ಬಾಯಿಪಾಠವಾದುದರಿಂದ ಅಲ್ಲಿ ಕೆಡುವುದೇನೂ ಇರಲಿಲ್ಲ. ಹೊಸ ಮದ್ದು, ಹೊಸ ಪ್ರಮಾಣವಾಗಿದ್ದರೆ ಗಿಡದ ಗತಿ ಏನಾಗುತ್ತಿತ್ತು? ಆದಕಾರಣ ಈ ವಿಷಯವನ್ನು ಕೃಷಿಪುಟದಲ್ಲಿ ಎತ್ತಿಕೊಳ್ಳುವುದು ಅಸ್ಥಾನವೆಂದು ನಮಗೆ ತೋರುವುದಿಲ್ಲ.

ಭಾರದ ಲೆಕ್ಕ

ಫೀಡ್ ನಿಧಾನವಾಗುವುದಕ್ಕೆ ಮೊದಲ ಕಾರಣ ಚಿತ್ರ. ಈಗಿನ ಸಾಧಾರಣ ಮೊಬೈಲು ತೆಗೆದ ಒಂದು ಫೋಟೋದಲ್ಲಿ ಅಡ್ಡಕ್ಕೆ ೪,೦೦೦, ಎತ್ತರಕ್ಕೆ ೩,೦೦೦, ಅಂತೂ ೧ ಕೋಟಿ ೨೦ ಲಕ್ಷ ಬಣ್ಣದ ಚುಕ್ಕಿಗಳಿರುತ್ತವೆ. ಒಂದು ಚುಕ್ಕಿಗೆ ೪ ಬೈಟಿನಂತೆ, ಅದನ್ನು ಬಿಡಿಸಿ ಪರದೆಗೆ ತರುವಾಗ ಮೊಬೈಲಿನ ಸ್ಮರಣೆಯಲ್ಲಿ ೪೮ ಎಂ.ಬಿ. ಸ್ಥಳ ಹಿಡಿಯುತ್ತದೆ. ಅಗ್ಗದ ಮೊಬೈಲಿನ ಪರದೆಯ ಅಗಲವಾದರೋ ೭೨೦ ಚುಕ್ಕಿ. ಅದೇ ಚಿತ್ರವನ್ನು ೭೨೦ಕ್ಕೆ ೫೪೦ರ ಅಳತೆಗೆ ತಂದು ಕಳುಹಿಸಿದರೆ ೧.೫೫ ಎಂ.ಬಿ. ಸಾಕು. ಮೂವತ್ತು ಪಾಲು ವ್ಯತ್ಯಾಸ! ನೋಡುವ ಕಣ್ಣಿಗೆ ಎರಡೂ ಒಂದೇ. ಹತ್ತು ದೊಡ್ಡ ಚಿತ್ರಗಳನ್ನು ಒಟ್ಟಿಗೆ ಬಿಡಿಸಹೊರಟ ಹಳೆಯ ಮೊಬೈಲು ಉಸಿರು ಕಟ್ಟಿ, ಆ್ಯಪನ್ನೇ ಮುಚ್ಚಿಬಿಡುತ್ತದೆ. ಜನರು ಇದಕ್ಕೆ ಹ್ಯಾಂಗ್ ಆಯಿತು ಎನ್ನುತ್ತಾರೆ.

ಇನ್ನು ದಾರಿಯ ಲೆಕ್ಕ. ರೇಂಜ್ ಕುಂದಿದ ಜಾಗದಲ್ಲಿ ಸೆಕೆಂಡಿಗೆ ೧೦೦ ಕಿಲೋಬಿಟ್ ಬರುತ್ತದೆಂದು ಇಟ್ಟುಕೊಳ್ಳೋಣ. ೮ ಬಿಟ್ ಸೇರಿದರೆ ೧ ಬೈಟು. ೧ ಎಂ.ಬಿ. ಚಿತ್ರ ಬರಬೇಕಾದರೆ ೮೦ ಸೆಕೆಂಡು ಬೇಕು. ಕನ್ನಡ ಬರಹವಾದರೆ ಒಂದೊಂದು ಅಕ್ಷರಚಿಹ್ನೆಗೆ ೩ ಬೈಟು. ಸಾವಿರ ಚಿಹ್ನೆಗಳ ಒಂದು ನಿಡಿದಾದ ಸೂಚನೆಗೆ ೩ ಕಿಲೋಬೈಟು. ಅದು ಬರಲು ಬೇಕಾದ ಸಮಯ ಸೆಕೆಂಡಿನ ಕಾಲು ಭಾಗ. ಏಳನೆಯ ತರಗತಿಯ ಮಕ್ಕಳಿಂದ ಈ ಲೆಕ್ಕವನ್ನು ಹಲಗೆಯ ಮೇಲೆ ಮಾಡಿಸಿದರೆ ಅವರೇ ಉತ್ತರ ಹೇಳಿಯಾರು: ಬರಹ ಮೊದಲು ಬರಲಿ, ಚಿತ್ರ ಹಿಂದಿನಿಂದ ಬರಲಿ. ಒಳ್ಳೆಯ ಆ್ಯಪುಗಳು ಮಾಡುವುದೂ ಇದನ್ನೇ. ಚಿತ್ರಕ್ಕೆ ಎಷ್ಟು ಜಾಗ ಬೇಕೆಂಬುದನ್ನು ಮೊದಲೇ ತಿಳಿದು ಖಾಲಿ ಚೌಕಟ್ಟನ್ನು ಬಿಟ್ಟಿರುತ್ತವೆ. ಹಾಗೆ ಬಿಡದಿದ್ದರೆ ಓದುತ್ತಿರುವಾಗಲೇ ಚಿತ್ರ ಬಂದು ಕುಳಿತು ಸಾಲುಗಳನ್ನು ಕೆಳಕ್ಕೆ ನೂಕುತ್ತದೆ. ನಾವು ಒಂದನ್ನು ಒತ್ತಹೋಗಿ ಇನ್ನೊಂದನ್ನು ಒತ್ತುತ್ತೇವೆ. ಕೈ ನಡುಗುವ ವಯಸ್ಸಿನವರಿಗೆ ಇದು ಸಣ್ಣ ಉಪದ್ರವವಲ್ಲ.

ಸಾಲಿನ ಉದ್ದವೂ ಒಂದು ಭಾರವೇ. ಮದುವೆಯ ಊಟಕ್ಕೆ ೧,೦೦೦ ಜನ ಬಂದರೆ ಸಾವಿರ ಬಾಳೆಲೆಯನ್ನು ಒಮ್ಮೆಗೇ ಹಾಕಿ ಬಡಿಸುವವರುಂಟೆ? ಚಪ್ಪರದಲ್ಲಿ ಹಿಡಿಯುವಷ್ಟು ಎಲೆ ಹಾಕುತ್ತೇವೆ. ಒಂದು ಪಂಕ್ತಿ ಏಳುತ್ತಿದ್ದಂತೆ ಅದೇ ಜಾಗದಲ್ಲಿ ಮುಂದಿನ ಪಂಕ್ತಿ ಕೂರುತ್ತದೆ. ಫೀಡಿನಲ್ಲಿ ನೂರಾರು ಪೋಸ್ಟುಗಳಿದ್ದರೂ ಪರದೆಯಲ್ಲಿ ಕಾಣುವುದು ಎರಡೋ ಮೂರೋ. ಕಾಣುವಷ್ಟನ್ನೂ, ಅದರ ಹಿಂದು ಮುಂದಿನ ನಾಲ್ಕಾರನ್ನೂ ಮಾತ್ರ ಸಿದ್ಧವಾಗಿಟ್ಟು, ಮೇಲಕ್ಕೆ ಸರಿದುಹೋದುದರ ಜಾಗವನ್ನು ಕೆಳಗಿನಿಂದ ಬರುವುದಕ್ಕೆ ಕೊಡುವುದು ಈಗಿನ ಪದ್ಧತಿ. ಪರದೆ ಸಾಮಾನ್ಯವಾಗಿ ಸೆಕೆಂಡಿಗೆ ೬೦ ಸಲ ಹೊಸದಾಗಿ ಮೂಡುತ್ತದೆ. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಒಂದೊಂದು ಸಲಕ್ಕೆ ೧೬ ಪಾಲು ಚಿಲ್ಲರೆ ಸಮಯ ಸಿಗುತ್ತದೆ. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಸಾಲು ತಡವರಿಸುತ್ತ ಜಗ್ಗಿ ಜಗ್ಗಿ ಏರುವುದು ಇದರಿಂದಲೇ.

ಕೊಂಡು ನೋಡಿದವರ ಕಥೆ

೨೦೧೩ರಲ್ಲಿ ಫೇಸ್‌ಬುಕ್ ಸಂಸ್ಥೆಯ ಕೆಲಸಗಾರರ ಒಂದು ತಂಡ ಆಫ್ರಿಕಾ ಖಂಡಕ್ಕೆ ಹೋಯಿತು. ಅಮೆರಿಕದ ಕಚೇರಿಯಲ್ಲಿ ಕುಳಿತು ಊಹಿಸುವ ಬದಲು, ಅಲ್ಲಿ ಸಿಕ್ಕುವ ಆಂಡ್ರಾಯ್ಡ್ ಮೊಬೈಲುಗಳನ್ನೇ ಕೊಂಡು ತಮ್ಮ ಆ್ಯಪನ್ನು ನಡೆಸಿ ನೋಡಿದರು. ಜಾಲ ಬಂದು ಹೋಗಿ ಮಾಡುತ್ತಿತ್ತು, ಮೊಬೈಲಿನಲ್ಲಿ ಸ್ಥಳವಿರಲಿಲ್ಲ, ಆ್ಯಪು ಮತ್ತೆ ಮತ್ತೆ ಮುಚ್ಚಿಹೋಗುತ್ತಿತ್ತು. ಒಂದು ತಿಂಗಳಿಗೆಂದು ಹಾಕಿಸಿದ ಡಾಟಾ ೪೦ ನಿಮಿಷಗಳಲ್ಲಿ ಮುಗಿಯಿತು! ಇದನ್ನು ಆ ಸಂಸ್ಥೆಯವರೇ ೨೦೧೪ರಲ್ಲಿ ಬರೆದು ಪ್ರಕಟಿಸಿದ್ದಾರೆ. ಮುಚ್ಚಿಡದೆ ಬರೆದುದಕ್ಕೆ ಅವರನ್ನು ಮೆಚ್ಚಬೇಕು.

ತರುವಾಯ ಅವರು ಮಾಡಿದ ಕೆಲಸ ತಿಳಿದುಕೊಳ್ಳಲು ಯೋಗ್ಯವಾಗಿದೆ. ಚಿತ್ರಗಳನ್ನು ಹಳೆಯ ಜೆಪೆಗ್ ರೀತಿಯಿಂದ ವೆಬ್‌ಪಿ ಎಂಬ ಹೊಸ ರೀತಿಗೆ ತಂದರು. ಅಂದವೇನೂ ಕೆಡದೆ ಕಾಲು ಭಾಗಕ್ಕಿಂತ ಹೆಚ್ಚು ಭಾರ ಇಳಿಯಿತು. ಪರದೆಯ ಅಳತೆಗೆ ತಕ್ಕ ಚಿತ್ರವನ್ನಷ್ಟೇ ಕಳುಹಿಸತೊಡಗಿದರು. ಪ್ರತಿಯೊಂದು ಮೊಬೈಲನ್ನೂ ‘ಇದು ಯಾವ ವರ್ಷದ ಉತ್ತಮ ಮೊಬೈಲಿಗೆ ಸಮ?’ ಎಂದು ತೂಗಿ, ಹಳೆಯ ವರ್ಗದ್ದಾದರೆ ಕೆಲವು ಅಲಂಕಾರಗಳನ್ನು ಕಡಿಮೆ ಮಾಡಿದರು. ದುಡಿಯುವ ಎತ್ತಿನ ಹಲ್ಲು ನೋಡಿ ಹೊರೆ ಹೊರಿಸುವುದಕ್ಕೆ ಇದು ಸಮಾನ. ಆ್ಯಪು ತೆರೆಯುವ ಸಮಯ ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದೂ, ಡಾಟಾ ಖರ್ಚು ಅರ್ಧವಾಯಿತೆಂದೂ, ಆ್ಯಪಿನ ಗಾತ್ರ ಶೇಕಡ ೬೫ರಷ್ಟು ತಗ್ಗಿತೆಂದೂ ಅವರ ವರದಿ ಹೇಳುತ್ತದೆ.

ಅಷ್ಟೂ ಸಾಲದಾಯಿತು. ೨೦೧೫ರ ಜೂನಿನಲ್ಲಿ ಫೇಸ್‌ಬುಕ್ ಲೈಟ್ ಎಂಬ ಬೇರೆಯೇ ಆ್ಯಪು ಹೊರಬಂತು. ಆಗ ಅದರ ಗಾತ್ರ ೧ ಎಂ.ಬಿ.ಗಿಂತ ಕಡಿಮೆ. ಭಾರದ ಕೆಲಸವನ್ನೆಲ್ಲ ದೂರದ ಸರ್ವರಿನಲ್ಲಿಯೇ ಮುಗಿಸಿ, ಮೊಬೈಲಿಗೆ ತೋರಿಸುವ ಕೆಲಸವನ್ನು ಮಾತ್ರ ಬಿಟ್ಟುಕೊಡುವುದು ಅದರ ಗುಟ್ಟು. ಒಂದು ವರ್ಷ ತುಂಬುವುದರೊಳಗೆ ಅದನ್ನು ತಿಂಗಳಿಗೊಮ್ಮೆಯಾದರೂ ಬಳಸುವವರ ಸಂಖ್ಯೆ ೧೦ ಕೋಟಿಯಾಯಿತು. ಅಗತ್ಯವಿದ್ದವರು ಎಷ್ಟಿದ್ದರೆಂದು ಇದರಿಂದ ಊಹಿಸಬಹುದು.

ಅದೇ ವರ್ಷ ಇನ್ನೊಂದು ಜಾಣತನವನ್ನೂ ಮಾಡಿದರು. ದೊಡ್ಡ ಚಿತ್ರ ಬರುವ ತನಕ ಬೋಳು ಚೌಕಟ್ಟನ್ನು ತೋರಿಸುವ ಬದಲು ಮಸುಕಾದ ಒಂದು ನೆರಳುಚಿತ್ರವನ್ನು ತೋರಿಸುವುದು, ಅದು ೨೦೦ ಬೈಟಿನಲ್ಲಿ ಮುಗಿಯಬೇಕು ಎಂಬುದು ಹಟ. ಜೆಪೆಗ್ ಚಿತ್ರದ ತಲೆಭಾಗ ಎಲ್ಲ ಚಿತ್ರಗಳಲ್ಲೂ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಅದನ್ನು ಮೊದಲೇ ಮೊಬೈಲಿನಲ್ಲಿ ಇಟ್ಟುಬಿಟ್ಟು, ಪ್ರತಿ ಸಲ ಮೈಭಾಗವನ್ನು ಮಾತ್ರ ಕಳುಹಿಸಿದರು. ಲಗ್ನಪತ್ರಿಕೆಯ ಒಕ್ಕಣೆಯನ್ನು ಮೊದಲೇ ಅಚ್ಚು ಹಾಕಿಸಿಟ್ಟು ಹೆಸರು ಮಾತ್ರ ಕೈಯಲ್ಲಿ ತುಂಬಿದ ಹಾಗೆ.

ಇನ್ನೊಂದು ಪದ್ಧತಿ ನಮಗೆ ಬಹಳ ಹಿಡಿಸಿತು. ೨೦೧೫ರ ಅಕ್ಟೋಬರಿನಲ್ಲಿ ಅಲ್ಲಿ ‘೨ಜಿ ಮಂಗಳವಾರ’ ಆರಂಭವಾಯಿತು. ಮಂಗಳವಾರ ಆ್ಯಪು ತೆರೆದ ಕೆಲಸಗಾರನಿಗೆ ‘ಒಂದು ತಾಸು ನಿಧಾನದ ಜಾಲದಲ್ಲಿ ನೋಡುತ್ತೀರಾ?’ ಎಂದು ಪ್ರಶ್ನೆ ಬರುತ್ತಿತ್ತು. ಒಪ್ಪಿದವನಿಗೆ ಹಳ್ಳಿಯವನ ಪಾಡು ಕಚೇರಿಯಲ್ಲೇ ಅನುಭವಕ್ಕೆ ಬರುತ್ತಿತ್ತು. ನಮ್ಮ ಊರುಗಳ ಮಕ್ಕಳು ಎಷ್ಟೋ ಜನ ಬೆಂಗಳೂರಿನಲ್ಲಿ ಇಂತಹ ಆ್ಯಪು ಕಟ್ಟುವ ಉದ್ಯೋಗದಲ್ಲಿದ್ದಾರೆ. ಅವರು ರಜೆಯಲ್ಲಿ ಬಂದಾಗ ತಮ್ಮ ದುಬಾರಿ ಫೋನನ್ನು ಬದಿಗಿಟ್ಟು, ಅಜ್ಜನ ಮೊಬೈಲನ್ನು ಹಿಡಿದು ತೋಟದ ಕೆಳಗಿನ ಕೆರೆಯ ಬಳಿ ಹೋಗಿ ತಮ್ಮ ಕೆಲಸವನ್ನು ತಾವೇ ನೋಡಲಿ.

ಸರಾಸರಿಯ ಬಗ್ಗೆ ಒಂದು ಮಾತು. ‘ನಮ್ಮ ಆ್ಯಪು ಸರಾಸರಿ ಎರಡು ಸೆಕೆಂಡಿನಲ್ಲಿ ತೆರೆಯುತ್ತದೆ’ ಎಂದು ಹೇಳಿಕೊಳ್ಳುವವರಿದ್ದಾರೆ. ಉಪಾಧ್ಯಾಯರಿಗೆ ಸರಾಸರಿಯ ಮೋಸ ಚೆನ್ನಾಗಿ ಗೊತ್ತು. ತರಗತಿಯ ಸರಾಸರಿ ಅಂಕ ೬೦ ಇದ್ದರೂ ಹಿಂದಿನ ಬೆಂಚಿನಲ್ಲಿ ನಾಲ್ವರು ೧೫ ತೆಗೆದುಕೊಂಡು ಕುಳಿತಿರಬಹುದು. ನೂರರಲ್ಲಿ ಅತಿ ನಿಧಾನದ ಐದು ಜನರಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದಾಗಲೇ ನಮ್ಮಂತಹವರು ಲೆಕ್ಕಕ್ಕೆ ಬರುವುದು.

ಕಾಣದವರಿಗೂ ಕೇಳದವರಿಗೂ

ಬೇಗ ಬಂದ ಮಾತ್ರಕ್ಕೆ ಮುಟ್ಟಿತೆಂದಾಗಲಿಲ್ಲ. ದೃಷ್ಟಿಯಿಲ್ಲದವರೂ, ಪೊರೆ ಬಂದು ಕಣ್ಣು ಮಂದವಾದವರೂ ಮೊಬೈಲನ್ನು ಬಳಸುತ್ತಾರೆಂದರೆ ಇನ್ನೂ ಕೆಲವರಿಗೆ ಆಶ್ಚರ್ಯ. ಆಂಡ್ರಾಯ್ಡ್ ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಎಂಬ ಓದುಗಯಂತ್ರಗಳಿವೆ. ಎರಡೂ ೨೦೦೯ರಿಂದ ಇವೆ. ಬೆರಳನ್ನು ಬಲಕ್ಕೆ ಸವರಿದರೆ ಪರದೆಯ ಮೇಲಿನ ಮುಂದಿನ ಅಂಶವನ್ನು ಬಾಯಿಬಿಟ್ಟು ಓದುತ್ತವೆ, ಎರಡು ಸಲ ತಟ್ಟಿದರೆ ಅದನ್ನು ಒತ್ತುತ್ತವೆ. ಆದರೆ ಯಂತ್ರ ಓದುವುದು ಬರಹವನ್ನು. ಮೆಚ್ಚುಗೆಯ ಹೃದಯ, ಹಂಚುವ ಬಾಣ ಮೊದಲಾದ ಗುಂಡಿಗಳಿಗೆ ಕಟ್ಟಿದವನು ಹೆಸರು ಬರೆದಿಡದಿದ್ದರೆ ‘ಬಟನ್, ಬಟನ್, ಬಟನ್’ ಎಂದಷ್ಟೇ ಕೇಳಿಸುತ್ತದೆ. ಕತ್ತಲೆಯಲ್ಲಿ ಚೀಟಿಯಿಲ್ಲದ ಡಬ್ಬಿಗಳನ್ನು ತಡವಿದಂತೆ.

ಚಿತ್ರಗಳ ಪಾಡು ಇನ್ನೂ ಕಷ್ಟ. ಬಹಳ ಕಾಲದವರೆಗೆ ಇಂಥವರು ಹಾಕಿದ ಫೋಟೋ ಎಂದಷ್ಟೇ ಕೇಳುತ್ತಿತ್ತು. ೨೦೧೬ರ ಏಪ್ರಿಲಿನಲ್ಲಿ ಫೇಸ್‌ಬುಕ್, ಚಿತ್ರದಲ್ಲಿ ಏನೇನಿರಬಹುದೆಂದು ಗಣಕವೇ ಗುರುತಿಸಿ ಹೇಳುವ ಏರ್ಪಾಡು ಮಾಡಿತು: ಮೂರು ಜನ, ನಗು, ಬಯಲು, ಮರ ಎಂಬಂತೆ. ಸ್ವತಃ ದೃಷ್ಟಿಯಿಲ್ಲದ ಇಂಜಿನಿಯರ್ ಮ್ಯಾಟ್ ಕಿಂಗ್ ಆ ಕೆಲಸದಲ್ಲಿದ್ದರು. ಮೊದಲಿಗೆ ಅದು ಐಫೋನಿನಲ್ಲಿ, ಇಂಗ್ಲಿಷಿನಲ್ಲಿ ಮಾತ್ರ. ಒಳ್ಳೆಯ ಉಪಾಯವೇ ಸರಿ. ಆದರೆ ‘ಗಿಡ, ಎಲೆ’ ಎಂದು ಹೇಳಿಸಿಕೊಂಡ ಕೃಷಿಕನಿಗೆ ಅದು ಯಾವ ಗಿಡ, ಎಲೆಗೆ ಏನಾಗಿದೆ ಎಂಬುದಲ್ಲವೆ ಬೇಕಾದುದು? ಅದನ್ನು ಹಾಕಿದವನೇ ಬರೆಯಬೇಕು.

೨೦೨೦ರ ಜೂನಿನಲ್ಲಿ ಟ್ವಿಟರ್, ಎಂದರೆ ೨೦೨೩ರಿಂದ ಎಕ್ಸ್ ಎನಿಸಿಕೊಂಡಿರುವುದು, ಬರೆಯುವ ಬದಲು ಮಾತಾಡಿಯೇ ಹಾಕುವ ಸೌಕರ್ಯವನ್ನು ತಂದಿತು. ಕಿವಿ ಕೇಳದವರಿಗಾಗಿ ಕೆಳಗೆ ಬರಹ ಮೂಡುವ ಏರ್ಪಾಡನ್ನು ಮಾಡಿರಲಿಲ್ಲ. ಕೂಗು ಎದ್ದಿತು, ಆ ಕೆಲಸಕ್ಕೆಂದೇ ನೇಮಿಸಿದ ತಂಡವೇ ಅಲ್ಲಿಲ್ಲವೆಂಬುದು ಆಗ ಹೊರಬಿತ್ತು. ಅದೇ ಸೆಪ್ಟೆಂಬರಿನಲ್ಲಿ ತಂಡಗಳನ್ನು ಕಟ್ಟಿದರು, ೨೦೨೧ರ ಜುಲೈಯಲ್ಲಿ ಬರಹ ಮೂಡತೊಡಗಿತು. ೨೦೨೨ರಲ್ಲಿ ಒಡೆತನ ಬದಲಾಗಿ ನವೆಂಬರಿನಲ್ಲಿ ಆ ತಂಡವನ್ನೇ ಮನೆಗೆ ಕಳುಹಿಸಿದರು. ಬೇಲಿ ಕಟ್ಟುವುದು ಒಂದು ದಿನದ ಕೆಲಸವಲ್ಲ, ಕಾಯುವುದೂ ಬೇಕು.

ನಮ್ಮ ಲಿಪಿಗೇ ಸೇರಿದ ಒಂದು ತೊಂದರೆಯನ್ನು ಹೇಳಲೇಬೇಕು. ಇಂಗ್ಲಿಷಿನ ಅಳತೆಯಲ್ಲಿ ಕಟ್ಟಿದ ಪರದೆಯಲ್ಲಿ ಸಾಲಿನ ಎತ್ತರ ಕಿರಿದು. ಕನ್ನಡದ ಒತ್ತಕ್ಷರಗಳು ಕೆಳಕ್ಕೆ ಇಳಿಯುವುದರಿಂದ ‘ರಾಷ್ಟ್ರ’, ‘ಸ್ತ್ರೀ’ ಎಂಬಲ್ಲಿ ಕಾಲು ಕತ್ತರಿಸಿ ಹೋಗುತ್ತದೆ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರವಾದರೂ ಗಣಕಕ್ಕೆ ಆರು ಚಿಹ್ನೆ, ಹದಿನೆಂಟು ಬೈಟು. ನಡುವೆ ತುಂಡರಿಸಿ ‘ಇನ್ನಷ್ಟು ಓದಿ’ ಎಂದು ಹಾಕಿದರೆ ಮೊದಲಿನ ಪದವೇ ಕೆಟ್ಟು ಬೇರೊಂದಾಗುತ್ತದೆ. ಅಕ್ಷರದ ಗಾತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿಕೊಂಡ ಹಿರಿಯರಿಗೆ ಗುಂಡಿಯೊಳಗಿನ ಕನ್ನಡ ಪದ ಅರ್ಧವೇ ಕಾಣುವುದೂ ಉಂಟು. ಬೂದು ಹಿನ್ನೆಲೆಯ ಮೇಲೆ ತೆಳು ಬೂದು ಅಕ್ಷರ ಈಗಿನ ಸೊಗಸಂತೆ. ತೋಟದ ಬಿಸಿಲಿನಲ್ಲಿ ಅದು ಯಾವ ಕಣ್ಣಿಗೂ ಕಾಣದು. ಅಂತರಜಾಲದ ನಿಯಮಗಳನ್ನು ರೂಪಿಸುವ ಡಬ್ಲ್ಯು೩ಸಿ ಸಂಸ್ಥೆಯ ಸೂತ್ರಗಳಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ೪.೫ಕ್ಕೆ ೧ ಆದರೂ ಇರಬೇಕೆಂದಿದೆ. ಒತ್ತುವ ಗುಂಡಿ ಸುಮಾರು ೯ ಮಿಲಿಮೀಟರ್ ಅಗಲವಿರಬೇಕೆಂಬುದು ಆಂಡ್ರಾಯ್ಡಿನ ಸಲಹೆ. ಗುದ್ದಲಿ ಹಿಡಿದ ಬೆರಳಿಗೆ ಅದಕ್ಕಿಂತ ಕಿರಿದಾದುದು ಸಿಕ್ಕುವುದಿಲ್ಲ.

ನಮ್ಮ ದೇಶದಲ್ಲಿ ಇದು ದಯೆಯ ಮಾತಾಗಿ ಉಳಿದಿಲ್ಲ. ಅಂಗವಿಕಲರ ಹಕ್ಕುಗಳ ೨೦೧೬ರ ಕಾಯಿದೆಯಲ್ಲಿ ಮಾಹಿತಿ ಸೌಲಭ್ಯದ ವಿಷಯ ಸೇರಿದೆ. ಆಸಿಡ್ ದಾಳಿಗೆ ತುತ್ತಾದವರು ಬ್ಯಾಂಕಿನ ಮೊಬೈಲ್ ತಪಾಸಣೆಯಲ್ಲಿ ಕಣ್ಣು ಮಿಟುಕಿಸಿ ತೋರಿಸಲಾರದೆ ಹೂಡಿದ ದಾವೆಯಲ್ಲಿ, ೨೦೨೫ರ ಏಪ್ರಿಲ್ ೩೦ರಂದು ಸುಪ್ರೀಂ ಕೋರ್ಟು, ಇಂತಹ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರಿದೆ ಎಂದು ತೀರ್ಪಿತ್ತಿತು.

ಹಾಕುವ ನಾವು ಮಾಡಬಹುದಾದುದು

ಆ್ಯಪು ಕಟ್ಟುವವರು ದೂರದವರು. ಪೋಸ್ಟು ಹಾಕುವವರು ನಾವೇ. ಗಡಿಯಿಂದ ಈಚೆ ಸರಕಾರದ ಸೂಚನೆ ಮಲೆಯಾಳದಲ್ಲಿ ಬಂದಾಗ, ಕನ್ನಡ ತಿಳಿದ ಯಾರಾದರೊಬ್ಬರು ಅದನ್ನು ಕನ್ನಡಿಸಿ, ಕಾಗದದಲ್ಲಿ ಬರೆದು, ಫೋಟೋ ತೆಗೆದು ಹಾಕುತ್ತಾರೆ. ಉಪಕಾರವೇ. ಆದರೆ ಆ ಫೋಟೋವನ್ನು ಓದುಗಯಂತ್ರ ಓದದು, ದೊಡ್ಡದು ಮಾಡಿದರೆ ಮಂಜಾಗುವುದು, ಒಂದು ತಿಂಗಳ ಮೇಲೆ ಹುಡುಕಿದರೆ ಸಿಕ್ಕದು, ಭಾರ ನೂರು ಪಾಲು. ಅದನ್ನೇ ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಬೆರಳಚ್ಚಿಸಿ ಹಾಕಿದರೆ ನಾಲ್ಕು ಕಷ್ಟವೂ ಒಟ್ಟಿಗೆ ಪರಿಹಾರ. ಬೆರಳಚ್ಚು ಬಾರದವರು ಕೀಲಿಮಣೆಯ ಮೈಕಿನ ಗುರುತನ್ನು ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಅಂಕೆಗಳನ್ನು ಮಾತ್ರ ಎರಡು ಸಲ ನೋಡಿ ತಿದ್ದಬೇಕು. ಹಳೆಯ ಗಣಕದ ಅಕ್ಷರವಿನ್ಯಾಸದಲ್ಲಿ ಬರೆದುದನ್ನು ಹಾಗೆಯೇ ಎತ್ತಿ ಹಾಕಬಾರದು, ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತದೆ, ಯೂನಿಕೋಡಿನಲ್ಲಿಯೇ ಇರಬೇಕು.

ರೋಗದ ಚಿತ್ರ ಹಾಕುವಾಗ ಕೆಳಗೆ ಎರಡು ಸಾಲು ಬರೆಯಿರಿ: ಯಾವ ಗಿಡ, ಎಷ್ಟು ವರ್ಷದ್ದು, ಗುರುತು ಎಲ್ಲಿ, ಬಣ್ಣ ಏನು, ಎಂದಿನಿಂದ. ಕಾಣದವರಿಗೆ ಅದು ಚಿತ್ರವೇ ಆಗುತ್ತದೆ. ಕಾಣುವ ಕೃಷಿ ಅಧಿಕಾರಿಗೂ ಉತ್ತರ ಕೊಡುವುದು ಸುಲಭ. ಕೆಂಪು ಹಸಿರು ಬೇರೆಯಾಗಿ ಕಾಣದ ಕಣ್ಣುಗಳೂ ಉಂಟಷ್ಟೆ. ‘ಕೆಂಪು ಗುರುತಿನ ದಿನ ಸಿಂಪಡಿಸಬೇಡಿ’ ಎನ್ನುವ ಬದಲು ತಾರೀಕನ್ನೇ ಬರೆದರಾಯಿತು. ವೀಡಿಯೋ ಹಾಕುವವರು ಮುಖ್ಯ ಮಾತನ್ನು ಕೆಳಗೆ ಬರಹದಲ್ಲಿಯೂ ಕೊಡಬೇಕು: ಕಿವಿ ಕೇಳದವರಿಗೆ ಬೇಕು, ಡಾಟಾ ಮುಗಿದವರಿಗೂ ಬೇಕು.

ನೋಡುವವರಿಗೆ ಸ್ವಲ್ಪ. ಫೇಸ್‌ಬುಕ್ಕಿನಲ್ಲಿ ವೀಡಿಯೋ ತಾನಾಗಿ ಓಡುವುದನ್ನು ನಿಲ್ಲಿಸುವ ಏರ್ಪಾಡು ಸೆಟ್ಟಿಂಗಿನಲ್ಲಿದೆ, ಅದನ್ನು ಮೊದಲು ಮಾಡಿಕೊಳ್ಳಿ. ಅಕ್ಷರ ದೊಡ್ಡದು ಮಾಡುವುದೂ ಮೊಬೈಲಿನ ಸೆಟ್ಟಿಂಗಿನಲ್ಲೇ ಸಿಗುತ್ತದೆ. ಕಣ್ಣು ಮಂದವಾದ ಹಿರಿಯರ ಮನೆಯಲ್ಲಿ ಮಕ್ಕಳು ಅಕ್ಸೆಸಿಬಿಲಿಟಿ ಎಂಬ ವಿಭಾಗಕ್ಕೆ ಹೋಗಿ ಟಾಕ್‌ಬ್ಯಾಕನ್ನು ಗೊತ್ತುಮಾಡಿಕೊಡಬಹುದು. ಗೂಗಲ್ಲಿನ ಓದುವ ಧ್ವನಿ ಕನ್ನಡದಲ್ಲಿಯೂ ಇದೆ, ರೇಂಜ್ ಇರುವಲ್ಲಿ ಒಮ್ಮೆ ಇಳಿಸಿಕೊಂಡರೆ ಸಾಕು. ಹಚ್ಚಿದ ಕೂಡಲೇ ಮೊಬೈಲಿನ ನಡತೆ ಬದಲಾಗುತ್ತದೆ, ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ, ಸಾಲನ್ನು ತಳ್ಳಲು ಎರಡು ಬೆರಳು ಬೇಕು. ಗಾಬರಿಯಾಗಬಾರದೆಂದಿದ್ದರೆ, ಧ್ವನಿಯ ಎರಡು ಗುಂಡಿಗಳನ್ನೂ ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಆರುವಂತೆ ಅದೇ ವಿಭಾಗದಲ್ಲಿ ಮೊದಲೇ ಏರ್ಪಡಿಸಿ, ಹಿರಿಯರ ಕೈಯಿಂದಲೇ ಒಂದೆರಡು ಸಲ ಹಚ್ಚಿಸಿ ಆರಿಸಿ ಅಭ್ಯಾಸ ಮಾಡಿಸಿ.